ನಮ್ಮ ಜನರೇಟರನ್ನು ಯಾರು ಮುಟ್ಟಬಾರದು?

ಗೆಳೆಯರೇ, ನನಗಿನ್ನೂ ಮೈ ಉರಿಯುತ್ತಿದೆ.

ಇಂದು ಬೆಳಿಗ್ಗೆ ವಿಮಾನ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಯಿತು. ಜನರೇಟರ್ ಎರಡು ನಿಮಿಷ ಓಡಿ, ಡೀಸೆಲ್ ಮುಗಿದು ನಿಂತಿತು. ಮೇಲೆ ನಮ್ಮ ಅತ್ತೆಯ ಆಕ್ಸಿಜನ್ ಯಂತ್ರ ಇನ್ವರ್ಟರ್ ಮೇಲೆ ನಡೆಯುತ್ತಿತ್ತು. ನಾನು ಕೆಳಗೆ ಓಡಿದೆ.

ಸೊಸೈಟಿಯ ಸೆಕ್ರೆಟರಿ ಒಂದು ಕ್ಯಾನ್ ಡೀಸೆಲ್ ಸುರಿದು, ಬಿಟ್ಟೂಬಿಡದೆ ಸ್ಟಾರ್ಟ್ ಬಟನ್ ಒತ್ತುತ್ತಿದ್ದರು. ಬ್ಯಾಟರಿ ನರಳತೊಡಗಿತ್ತು.

ಮೆಟ್ಟಿಲು ಒರೆಸುತ್ತಿದ್ದ ಯಾದಗಿರಿಯ ಮಲ್ಲಮ್ಮ, "ಪೈಪಿನ್ಯಾಗ ಗಾಳಿ ಹೊಕ್ಕದರೀ ಅಕ್ಕಾ. ಅದನ್ನ ತೆಗೀದ ಎಷ್ಟ್ ಒತ್ತಿದ್ರೂ ಚಾಲೂ ಆಗಂಗಿಲ್ಲ" ಎಂದರು. ಗಂಡನ ಜೊತೆ ಹತ್ತು ವರ್ಷ ಡೀಸೆಲ್ ಇಂಜಿನಿನ ಕಾಂಕ್ರೀಟ್ ಮಿಕ್ಸರ್ ನಡೆಸಿದವರು ಅವರು. ಕನ್ನಡ ಬಾರದ ಸೆಕ್ರೆಟರಿಗೆ ನಾನು ಅದನ್ನೇ ಮರಾಠಿಯಲ್ಲಿ ಹೇಳಿದೆ.

"ಮಾವಶೀ, ನೀವು ಕಸಬರಿಗೆ ನೋಡಿಕೊಳ್ಳಿ. ನಾನು ಇಂಜಿನಿಯರ್!" ಎಂದು ಸೆಕ್ರೆಟರಿ, ಬಾಯಲ್ಲಿ ಚಿಕ್ಕಮ್ಮ ಎನ್ನುತ್ತಲೇ, ಮಲ್ಲಮ್ಮನ ಮೇಲೆ ಸಿಡುಕಿದರು. ಹೌದು, ಕಂಪ್ಯೂಟರ್ ಇಂಜಿನಿಯರ್!

ಮೆಕ್ಯಾನಿಕ್‌ಗೆ ಫೋನ್ ಮಾಡಲು ಅವರು ಹೊರಗೆ ಹೋದದ್ದೇ ತಡ, "ನೀವ ಮಾಡ್ರಿ ಮಲ್ಲಮ್ಮ" ಎಂದೆ. ಮಲ್ಲಮ್ಮ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಪಕ್ಕದ ಕೈಪಂಪು ಒತ್ತುತ್ತಾ ಹೋದರು. ಮೊದಲು ನೊರೆ ಬಂತು, ಆಮೇಲೆ ಬರೀ ಡೀಸೆಲ್. ಸ್ಕ್ರೂ ಬಿಗಿದು ಬಟನ್ ಒತ್ತಿದರು. ಜನರೇಟರ್ ಹೊಗೆ ಉಗುಳಿ ಗುಡುಗಿತು.

ಸದ್ದು ಕೇಳಿ ಓಡಿಬಂದ ಸೆಕ್ರೆಟರಿಯಿಂದ ಒಂದು ಒಳ್ಳೆಯ ಮಾತಿಲ್ಲ. ಸಂಜೆಗೆ ಜನರೇಟರ್ ಕೋಣೆಯ ಬಾಗಿಲಿಗೆ ಅವರದೇ ಸಹಿಯ ನೋಟಿಸು!

"ಏನ್ ಬರದಾರ್ರೀ ಅಕ್ಕಾ?" ಎಂದು ಮಲ್ಲಮ್ಮ ಕೇಳಿದರು.

ನಾಚಿಕೆಯಿಂದಲೇ ಓದಿ ಹೇಳಿದೆ: "ಕೆಲಸ ಗೊತ್ತಿಲ್ಲದವರು ಜನರೇಟರ್ ಮುಟ್ಟಬಾರದು ಅಂತ."

"ಚಲೋ ಆತ್ ಬಿಡ್ರೀ," ಎಂದರು ಮಲ್ಲಮ್ಮ. "ಸಾಹೇಬ್ರು ಮುಟ್ಟಲಿಲ್ಲಂದ್ರ ಬ್ಯಾಟರಿನಾದ್ರೂ ಉಳೀತದ."