ನಡೆಯುವ ಬೇಲಿ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಸೋಲಲು ಬರುವುದಿಲ್ಲ. ಶಾಲೆಯಿಂದ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಲೋಟಗಳಿಂದಲೇ ನಮ್ಮವ್ವನ ಅಡುಗೆಮನೆ ತುಂಬಿದೆ. ಅಷ್ಟು ಲೋಟಗಳಿದ್ದರೂ ಭಾನುವಾರದ ಚಹಾ ಈಗ ನಾನೊಬ್ಬಳೇ ಕುಡಿಯುತ್ತೇನೆ. ಕಾರಣ, ಕತ್ತಾಳೆ.

ನಮ್ಮ ಗುಡೇಕೋಟೆ ಕಡೆಯ ಬದುಗಳ ಮೇಲೆ ಕತ್ತಿ ಹಿರಿದು ಕೂತಿರುವ ಬೂದು-ಹಸಿರು ಗಿಡವೇ ಅದು. ನೀರು ಕೇಳುವುದಿಲ್ಲ, ದನ ಬಾಯಿ ಹಾಕುವುದಿಲ್ಲ. ನಮ್ಮವರು ಅದನ್ನು ನೆಟ್ಟದ್ದು ಬೇಲಿಗೆಂದು, ನಂಬಿದ್ದು ಮಾತ್ರ ಸಾಕ್ಷಿಯೆಂದು. ಕತ್ತಾಳೆ ಎಲ್ಲಿದೆಯೋ ಅಲ್ಲೇ ಹೊಲದ ಹದ್ದು, ಅದೇ ಗಡಿ. ಇದರ ತವರು ಮೆಕ್ಸಿಕೋ ಎಂದು ನಾನೊಮ್ಮೆ ಹೇಳಿದ್ದಕ್ಕೆ ಪಕ್ಕದ ಹೊಲದ ಬಸಣ್ಣ ಮಾವ, "ನಮ್ಮ ಮುತ್ತಾತ ಹಚ್ಚಿದ್ದವ್ವಾ ಇದು. ಅವನೇನು ಮೆಕ್ಸಿಕೋಕ್ಕ ಹೋಗಿದ್ದನೇನು?" ಎಂದು ಕೇಳಿ, ತಾನೇ ನಕ್ಕಿದ್ದ.

ಅವನ ಮಗಳು ಮಂಜಿ ನನ್ನ ಗೆಳತಿ. ಎಂಟನೇ ಕ್ಲಾಸಿನಲ್ಲಿ, ಬೇಲಿಯ ದೊಡ್ಡ ಗಿಡದ ಎಲೆಯ ಮೇಲೆ ಅದರದೇ ಮುಳ್ಳಿನಿಂದ ಇಬ್ಬರ ಹೆಸರು ಕೊರೆದಿದ್ದೆವು. ಕೊರೆದ ದಿನ ಬರೀ ಹಸಿ ಗೀರು. ಒಣಗಿದ ಮೇಲೆ ಅಳಿಸಲಾಗದ ಕಂದು ಅಕ್ಷರ. ಮಾತೂ ಹಾಗೆಯೇ ಎಂದು ಆಗ ತಿಳಿದಿರಲಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮಪ್ಪನಿಗೂ ಬಸಣ್ಣ ಮಾವನಿಗೂ ಹದ್ದಿನ ತಕರಾರು ಬಂತು. ಹಿರಿಯರು ಬೇವಿನ ಮರದಡಿ ಕೂತರು. ನಾನು ಎದ್ದು ನಿಂತೆ. ಕತ್ತಾಳೆ ಒಂದೇ ಸಲ ಹೂಬಿಟ್ಟು ಸಾಯುತ್ತದೆ, ಸಾಯುವ ಮೊದಲು ಪಕ್ಕದಲ್ಲಿ ಮರಿ ಹಾಕಿರುತ್ತದೆ, ನೀವು ಆ ಮರಿಯನ್ನೇ ಹದ್ದು ಎನ್ನುತ್ತೀರಿ. ಹೀಗೆ ಮರಿಯಿಂದ ಮರಿಗೆ ಬೇಲಿ ನಮ್ಮ ಹೊಲದೊಳಕ್ಕೆ ನಡೆದು ಬಂದಿದೆ ಎಂದೆ. "ಬೇಲಿಗೆ ಕಾಲು ಬಂದಾವಂತೋ!" ಎಂದು ಒಬ್ಬರು ನಕ್ಕರು. ಹಳೆಯ ನಕ್ಷೆ ಹಿಡಿದು ಅಳೆದು ನೋಡಿದರು. ಎರಡು ಮಾರು ಒಳಗೆ ಬಂದಿತ್ತು. ಅಲ್ಲಿಗೆ ಕೂರಬಹುದಿತ್ತು. ಆದರೆ ಚರ್ಚಾಪಟುವಿಗೆ ಮುಕ್ತಾಯದ ಸಾಲೊಂದು ಬೇಕಲ್ಲ? "ಬೇಲಿಯೇ ಎದ್ದು ಹೊಲ ಮೇಯ್ತು, ಬೇಲಿ ಹಚ್ಚಿದವರು ಬಾಯಿ ಮುಚ್ಚಿಕೊಂಡು ಉಂಡರು" ಎಂದೆ. ಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಬಸಣ್ಣ ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದುಹೋದ. ಗಿಡ ನಡೆದದ್ದು ಅವನಿಗೂ ಗೊತ್ತಿರಲಿಲ್ಲ ಎಂಬುದು ನನ್ನ ವಾದದೊಳಗೇ ಇತ್ತು. ನನಗೇ ಕಾಣಲಿಲ್ಲ.

ಮಂಜಿ ಹಡಗಲಿಯಲ್ಲಿ ನರ್ಸು. ಭಾನುವಾರ ಊರಿಗೆ ಬರುತ್ತಾಳೆ. ಮೊದಲೆಲ್ಲ ಬಸ್ಸಿಳಿದವಳು ನೇರ ನಮ್ಮನೆಗೆ ಬಂದು, "ಲೇ, ಚಾ ಇಡಲೇ" ಎನ್ನುತ್ತಿದ್ದಳು. ಆಮೇಲೊಮ್ಮೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಆರಾಮ ಅದೀರೇನ್ರಿ?" ಎಂದು ಕೇಳಿ ಬಸ್ಸು ಹತ್ತಿದಳು. ಅಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ಗೆದ್ದ ಎರಡು ಮಾರು ನೆಲದಲ್ಲಿ ನಾವು ಏನನ್ನೂ ಬಿತ್ತಲಿಲ್ಲ. ಅಲ್ಲಿ ಕತ್ತಾಳೆ ಮರಿಗಳೇ ಎದ್ದಿವೆ.

ಈ ವರ್ಷ ನಮ್ಮಿಬ್ಬರ ಹೆಸರು ಕೊರೆದಿದ್ದ ಗಿಡ ಹೂಬಿಟ್ಟಿತು. ನೂರು ವರ್ಷಕ್ಕೊಮ್ಮೆ ಬಿಡುವ ಹೂವೆಂದು ಜನ ನೋಡಲು ಬಂದರು. ನೂರು ವರ್ಷವೆಂಬುದು ಸುಳ್ಳು ಎಂದು ಹೇಳಬೇಕೆನಿಸಿತು. ಹೇಳಲು ಜೊತೆಯಲ್ಲಿ ಯಾರೂ ಇರಲಿಲ್ಲ. ಕಂಬದಂಥ ಹೂದಂಟು ಮೇಲೇರಿದಂತೆ ಕೆಳಗಿನ ಎಲೆಗಳು ಸುಕ್ಕಾದವು. ಇಬ್ಬರ ಹೆಸರೂ ಮುದುಡಿದವು.

ಹೋದ ವಾರ ಒಂದು ಮುಳ್ಳು ಮುರಿದು, ದೊಡ್ಡ ಮರಿಯೊಂದರ ಎಲೆಯ ಮೇಲೆ "ಮಂಜಿ, ನಂದು ತಪ್ಪಾತು" ಎಂದು ಕೊರೆದೆ. ಕೆಳಗೆ ಜಾಗ ಬಿಟ್ಟೆ. ಅವಳು ನೋಡುತ್ತಾಳೆಂಬುದಕ್ಕೆ ಯಾವ ಆಧಾರವೂ ಇರಲಿಲ್ಲ.

ಇಂದು ಭಾನುವಾರ. ಚಹಾಕ್ಕೆ ಮೊದಲು ಬದುವಿಗೆ ಹೋದೆ. ನನ್ನ ಅಕ್ಷರ ಕಂದಾಗಿತ್ತು. ಅದರ ಕೆಳಗೆ ಇನ್ನೂ ಹಸಿಯಾಗಿದ್ದ ಗೀರು: "ಬೇಲಿ ನಡೀತೈತಿ. ನಿನಗ ನಡೆದು ಬರಾಕ ಏನಾಗೈತಲೇ?"

ಮುಳ್ಳು ತಾಗದಂತೆ ಲಂಗ ಎತ್ತಿ ಹಿಡಿದು, ಹದ್ದು ದಾಟಿ, ಮೊದಲು ತಪ್ಪಾಯಿತೆಂದು ಹೇಳಬೇಕಾದ ಬಸಣ್ಣ ಮಾವ ಎಲ್ಲಿದ್ದಾನೆಂದು ನೋಡಿದೆ.