ವಾಟೆಹುಳಿಯಲ್ಲಿ ನೆನೆದ ಬೈಕು

ನನ್ನ ಗಂಡ ನಿವೃತ್ತರಾದ ಮೂರನೇ ವಾರಕ್ಕೆ, ಕೊಟ್ಟಿಗೆಯ ಮೂಲೆಯಲ್ಲಿದ್ದ ಬೈಕಿನ ಮೇಲಿಂದ ಗೋಣಿಚೀಲ ಎಳೆದರು. ಒಳಗಿರುವುದು ಬೈಕೋ ಹುತ್ತವೋ ಎಂದು ನನಗೆ ಗುಮಾನಿ. ಹದಿನೈದು ವರ್ಷ ಯಾರೂ ಮುಟ್ಟದ ಗಾಡಿ. ಬೆರಳು ತಾಗಿಸಿದಲ್ಲೆಲ್ಲ ಕೆಂಪು ಪುಡಿ ಉದುರುತ್ತಿತ್ತು. ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಳ್ಳಿ ಎಂದೆ. ನನ್ನ ತವರಿನವರನ್ನು ಬೈದಾಗ ನಾನು ಹೇಗೆ ನೋಡುತ್ತೇನೋ ಹಾಗೆ ನೋಡಿದರು.

ಆಮೇಲೆ ಮೆತ್ತಗೆ ಒಂದು ಮಾತು ಬಿಟ್ಟರು. ಗಾಡಿ ರೆಡಿಯಾದ ದಿನ ಮೊದಲ ಸವಾರಿ ಇಬ್ಬರದೂ ಅಂತೆ. ಸಾಗರದಿಂದ ಹೊರಟು ಹೊಸನಗರ, ತೀರ್ಥಹಳ್ಳಿ ದಾಟಿ ಮೇಗರವಳ್ಳಿಗೆ. ಅಲ್ಲಿಗೆ ನಾನು ಕರಗಿದೆ. ಮದುವೆಯಾದ ಹೊಸತರಲ್ಲಿ ನಾವು ತೀರ್ಥಹಳ್ಳಿಯಲ್ಲಿದ್ದೆವು. ಅವರಿಗೆ ಅಲ್ಲೇ ಆಫೀಸು, ನನಗೆ ಮೇಗರವಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಇದೇ ಬೈಕಿನ ಹಿಂದೆ, ಎರಡೂ ಕಾಲು ಒಂದೇ ಪಕ್ಕಕ್ಕೆ ಹಾಕಿಕೊಂಡು ಕೂತು ಶಾಲೆಗೆ ಹೋದವಳು ನಾನು. ಆ ಜಾಗದಲ್ಲಿ ಇನ್ನೊಮ್ಮೆ ಕೂರಬೇಕೆಂಬ ಆಸೆ ಒಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಆ ಒಂದು ಆಸೆಗೆ ನನ್ನ ಅಡುಗೆಮನೆಯನ್ನು ಬಿಟ್ಟುಕೊಟ್ಟೆ.

ತುಕ್ಕಿಗೆ ವಿನೆಗರ್ ಮದ್ದು ಎಂದು ಅವರಿಗೆ ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ನಮ್ಮನೆಯಲ್ಲಿ ವಿನೆಗರ್ ಎಲ್ಲಿ ಬರಬೇಕು? ಸಾರಿಗೆಂದು ಒಣಗಿಸಿಟ್ಟ ವಾಟೆಹುಳಿ ಮೂರು ಡಬ್ಬಿ ಇತ್ತು. ಅದನ್ನೇ ಕುದಿಸಿ ಬಕೆಟ್ಟಿಗೆ ಹೊಯ್ದು, ನಟ್ಟು, ಬೋಲ್ಟು, ಸರಳುಗಳನ್ನು ಮುಳುಗಿಸಿದೆವು. ಎರಡು ದಿನ ಬಿಟ್ಟು ನೋಡಿದರೆ ತುಕ್ಕು ಕೆಸರಾಗಿ ಬಿಟ್ಟುಕೊಂಡಿತ್ತು. ಇವರು ಉಬ್ಬಿಹೋದರು. ನನಗೊಂದು ಮಾತೂ ಹೇಳದೆ ಬ್ರೇಕ್ ಪೆಡಲನ್ನು ಬಚ್ಚಲಿನ ತಾಮ್ರದ ಹಂಡೆಗೇ ಹಾಕಿ ಹುಳಿನೀರು ತುಂಬಿದರು. ಹುಳಿ ತಾಮ್ರವನ್ನು ಕರಗಿಸಿ ಕಬ್ಬಿಣಕ್ಕೆ ಮೆತ್ತಿತು. ಪೆಡಲ್ಲು ಗುಲಾಬಿ ಬಣ್ಣಕ್ಕೆ ತಿರುಗಿ ಹೊರಬಂತು, ಹಂಡೆ ಫಳಫಳ ಹೊಳೆಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಹಂಡೆ ಬೆಳಗಿದ್ದು ಅದೊಂದೇ ಸಲ.

ಅವರಿಗೆ ಮಂಡಿನೋವು, ಕುಕ್ಕರುಗಾಲಿನಲ್ಲಿ ಕೂರಲು ಬರುವುದಿಲ್ಲ. ಕಣ್ಣಿಗೆ ಪೊರೆ, ಸಣ್ಣ ತುಕ್ಕು ಕಾಣುವುದಿಲ್ಲ. ಹಾಗಾಗಿ ಅವರು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತ ಮೇಲ್ವಿಚಾರಣೆ ಮಾಡುವುದು, ನಾನು ನೆಲದ ಮೇಲೆ ಕೂತು ತಿಕ್ಕುವುದು ಎಂದು ತೀರ್ಮಾನವಾಯಿತು. ತೀರ್ಮಾನ ಯಾರು ಮಾಡಿದರು ಎಂದು ಬೇರೆ ಹೇಳಬೇಕಾಗಿಲ್ಲ. ನಾನು ಮೊದಲು ಕೈಗೆತ್ತಿಕೊಂಡಿದ್ದು ನನ್ನ ಫುಟ್‌ರೆಸ್ಟನ್ನು. ಒಂದು ಪಕ್ಕಕ್ಕೆ ಕೂರುವ ಹೆಂಗಸರು ಪಾದ ಊರಲೆಂದು ಬೈಕಿನ ಎಡಗಡೆ ಹಾಕಿಸುವ ಅಂಗೈ ಅಗಲದ ಕಬ್ಬಿಣದ ಹಲಗೆ ಅದು. ಅದನ್ನು ನಾಲ್ಕು ದಿನ ನೆನೆಸಿ, ತೆಂಗಿನ ನಾರಿನಲ್ಲಿ ತಿಕ್ಕಿ, ಎಣ್ಣೆ ಸವರಿ, ಹಳೆ ಪಂಚೆಯಲ್ಲಿ ಸುತ್ತಿಟ್ಟೆ. ಉಳಿದಿದ್ದೆಲ್ಲ ಆಮೇಲೆ.

ಹೀಗೆ ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ಅವರು ಹಳೆ ಬೈಕಿನವರ ವಾಟ್ಸಾಪ್ ಗುಂಪೊಂದನ್ನು ಸೇರಿದ್ದರು. ನಾನು ತಿಕ್ಕಿದ ಒಂದೊಂದು ಭಾಗದ ಫೋಟೋವೂ ಅಲ್ಲಿಗೆ ಹೋಗುತ್ತಿತ್ತು. ಇಷ್ಟು ಚೆನ್ನಾಗಿ ಎಲ್ಲಿ ಮಾಡಿಸಿದಿರಿ ಎಂದು ಯಾರೋ ಕೇಳಿದರೆ, ಮನೆಯಲ್ಲೇ ಆಯಿತು ಎಂದು ಇವರ ಉತ್ತರ. ನಮ್ಮನೆಯಲ್ಲಿ ಕೆಲಸಗಳು ತಾವಾಗಿಯೇ ಆಗುತ್ತವೆ. ಅನ್ನವೂ ಹಾಗೇ ಬೇಯುತ್ತದೆ.

ಆ ಗುಂಪಿನಿಂದ ಮನೆಗೆ ಒಂದು ಶಬ್ದ ಬಂತು: ಒರಿಜಿನಲ್. ಸ್ಕ್ರೂ ಒರಿಜಿನಲ್ ಇರಬೇಕು, ಹಾರ್ನಿನ ಗುಂಡಿ ಒರಿಜಿನಲ್ ಇರಬೇಕು. ನಮ್ಮಿಬ್ಬರ ಬಾಯಲ್ಲಿ ಒರಿಜಿನಲ್ ಹಲ್ಲು ಎಷ್ಟು ಉಳಿದಿವೆ ಎಂಬ ಚಿಂತೆ ಮಾತ್ರ ಯಾರಿಗೂ ಇರಲಿಲ್ಲ. ಕೊನೆಗೆ ಎಲ್ಲ ಭಾಗಗಳನ್ನೂ ಪೇಂಟಿಗೆ, ಜೋಡಣೆಗೆ ಎಂದು ಪೇಟೆಗೆ ಸಾಗಿಸಿದರು. ನೀನು ಈಗಲೇ ನೋಡುವುದು ಬೇಡ, ಒಮ್ಮೆಲೇ ನೋಡು ಎಂದರು. ನನಗೂ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ಬೇಗ ಎದ್ದು ತೆಳ್ಳನೆಯ ದೋಸೆ, ನಮ್ಮ ತೆಳ್ಳೇವು, ಎರೆದು ಡಬ್ಬಿಗೆ ಹಾಕಿದೆ. ಜಾರದ ಹತ್ತಿ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಬಿಗಿದು ಅಂಗಳಕ್ಕೆ ಬಂದೆ. ಇವರು ಬಟ್ಟೆ ಸರಿಸಿದರು. ಬೈಕು ನಿಜಕ್ಕೂ ಚಂದ ಇತ್ತು, ಕಣ್ಣು ತುಂಬಿ ಬಂತು. ಆಮೇಲೆ ಕಂಡಿತು. ಮುಂದೆ ಸ್ಪ್ರಿಂಗಿನ ಮೇಲೆ ಕೂರಿಸಿದ ಒಂದೇ ಒಂದು ಸೀಟು. ಹಿಂದೆ ಬರೀ ಮಡ್‌ಗಾರ್ಡು. ಎಡಗಡೆ ಫುಟ್‌ರೆಸ್ಟ್ ಇಲ್ಲ, ಸೀರೆ ಚಕ್ರಕ್ಕೆ ಸಿಕ್ಕದಂತೆ ತಡೆಯುವ ಜಾಲರಿಯೂ ಇಲ್ಲ.

“ಎನ್ನ ಜಾಗ ಎಲ್ಲಿದ್ದು?” ಎಂದೆ.

“ಈ ಮಾಡೆಲ್ಲಿಗೆ ಕಂಪ್ನಿಯಿಂದ ಬಂದಿದ್ದೇ ಒಂದು ಸೀಟು,” ಎಂದರು. ಹ್ಯಾಂಡಲ್ ಒರೆಸುತ್ತ, “ನೀನು ಬಸ್ಸಲ್ಲಿ ಬಾ. ಆನು ಮೇಗರವಳ್ಳಿಲಿ ಕಾಯ್ತಾ ಇರ್ತಿ,” ಎಂದರು.

ಮೈಯೆಲ್ಲ ಉರಿದುಹೋಯಿತು. ಫುಟ್‌ರೆಸ್ಟ್ ಎಲ್ಲಿ ಎಂದು ಕೇಳಿದೆ. ಅದರ ಫೋಟೋ ಹಾಕಿದಾಗ ಗುಂಪಿನವರೆಲ್ಲ ನಕ್ಕರಂತೆ. ಹಿಂದಿನ ಸೀಟನ್ನು ಅಟ್ಟಕ್ಕೆ ಹಾಕಿ, ಫುಟ್‌ರೆಸ್ಟನ್ನೂ ಜಾಲರಿಯನ್ನೂ ಉಳಿದ ಹಳೆ ಕಬ್ಬಿಣದ ಜೊತೆ ಗುಜರಿಗೆ ಕೊಟ್ಟರಂತೆ. ನಾನು ಸೆರಗು ಬಿಚ್ಚಿ ಒಳಗೆ ಹೋದೆ. ಡಬ್ಬಿಯ ತೆಳ್ಳೇವನ್ನು ಒಬ್ಬಳೇ ಕೂತು ಅಷ್ಟನ್ನೂ ತಿಂದೆ. ಸಿಟ್ಟು ಬಂದಾಗ ಊಟ ಬಿಡುವ ಪೈಕಿ ನಾನಲ್ಲ. ಆದರೆ ತಿನ್ನುತ್ತ ಅತ್ತೆ.

ಅವರೂ ಹೊರಡಲಿಲ್ಲ. ಮೂರು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎಲ್ಲಿಗೋ ಹೋದವರು ಮಧ್ಯಾಹ್ನ ಒಂದು ಸಿಮೆಂಟು ಚೀಲ ಹೊತ್ತುಕೊಂಡು ಬಂದು, ಅದನ್ನು ಜಗಲಿಯ ಮೇಲೆ ಸುರಿದರು. ಐದು ಫುಟ್‌ರೆಸ್ಟುಗಳು. ಗುಜರಿಯಲ್ಲಿ ಇಂಥವು ಒಂದು ರಾಶಿಯೇ ಮಳೆಗೆ ನೆನೆದು ಮತ್ತೆ ತುಕ್ಕು ಹಿಡಿದು ಬಿದ್ದಿತ್ತಂತೆ. ಈ ಸೀಮೆಯ ಹಳೆ ಬೈಕುಗಳೆಲ್ಲ ಒರಿಜಿನಲ್ ಆಗುತ್ತಿವೆ ಎಂದು ಅಂಗಡಿಯವನೇ ಹೇಳಿದನಂತೆ. ಇವರು ನನ್ನ ಮುಖ ನೋಡದೆ ನಿಂತಿದ್ದರು.

“ಎಲ್ಲದೂ ಒಂದೇ ನಮನಿ ಇದ್ದು. ನಿಂದು ಯಾವುದು ಹೇಳಿ ಗೊತ್ತಾಜಿಲ್ಲೆ.”

ಒಂದೊಂದನ್ನೇ ಎತ್ತಿ ನೋಡಿದೆ. ನಾನು ಗಿಡ್ಡಿ. ಹಿಂದೆ ಕೂತರೆ ನನ್ನ ಕಾಲಬೆರಳು ಮಾತ್ರ ಹಲಗೆಗೆ ಎಟುಕುತ್ತಿತ್ತು, ಹಾಗಾಗಿ ನನ್ನದು ತುದಿಯಲ್ಲಷ್ಟೇ ಸವೆದಿತ್ತು. ಈ ಐದೂ ಹಿಮ್ಮಡಿ ಊರುವ ಕಡೆ ಸವೆದವು. ನೆಮ್ಮದಿಯಾಗಿ ಪೂರ್ತಿ ಪಾದ ಊರಿ ಕೂತ ಎತ್ತರದ ಹೆಂಗಸರವು. ಒಂಬತ್ತು ವರ್ಷ ನಾನು ಬೆರಳ ತುದಿಯಲ್ಲಿ ನೇತಾಡಿಕೊಂಡು ಹೋಗಿದ್ದು ಈ ಮನುಷ್ಯನಿಗೆ ಗೊತ್ತೇ ಇಲ್ಲವಲ್ಲ ಎಂದು ಅನಿಸಿತು. ಮಂಡಿ ಹಿಡಿದುಕೊಂಡು ಗುಜರಿಯ ರಾಶಿ ಕೆದಕಿದ್ದಾರಲ್ಲ ಎಂದೂ ಅನಿಸಿತು. ಇದರಲ್ಲಿಲ್ಲ ಎಂದಿದ್ದರೆ ಮತ್ತೆ ಹೋಗುತ್ತಿದ್ದರು. ಅಲ್ಲೂ ಇಲ್ಲದಿದ್ದರೆ?

“ಇದೇ ಎನ್ನದು,” ಎಂದು ಒಂದನ್ನು ಮುಂದಿಟ್ಟೆ.

ಅವರ ಮುಖ ಅರಳಿತು. “ಎಂಗೆ ಅಲ್ಲೇ ಗೊತ್ತಾಗಿತ್ತು, ಅದೇ ಹೇಳಿ,” ಎಂದರು.

ಅಟ್ಟದಿಂದ ಹಿಂದಿನ ಸೀಟು ಇಳಿಯಿತು. ಯಾರದೋ ಫುಟ್‌ರೆಸ್ಟು ಬೈಕಿಗೆ ಬಂತು, ಜಾಲರಿಯ ಜಾಗಕ್ಕೆ ಒಂದು ಹೊಸ ಜಾಲರಿ. ಗುಂಪಿಗೆ ಆ ಫೋಟೋ ಹೋಗಲಿಲ್ಲ. ಮುಂದಿನ ವಾರ ಹೊರಟೆವು. ಬೈಕು ಎಲ್ಲೂ ಕೈಕೊಡಲಿಲ್ಲ. ಹೊಸನಗರ ದಾಟುವಾಗ ವೇಗ ತಗ್ಗಿಸಿ, ಕುತ್ತಿಗೆ ಹೊರಳಿಸಿ, “ಕಾಲಿಗೆ ಸಮಾ ಇದ್ದಾ?” ಎಂದು ಕೇಳಿದರು. ಇದ್ದು ಎಂದೆ. ತೀರ್ಥಹಳ್ಳಿಯ ಸೇತುವೆ ದಾಟಿದ ಮೇಲೆ ಮತ್ತೆ ಕೇಳಿದರು. ಮೇಗರವಳ್ಳಿಯ ಶಾಲೆಯ ಗೇಟು ಕಾಣುವ ಹೊತ್ತಿಗೆ ನಾಲ್ಕು ಸಲ ಆಗಿತ್ತು. ನನ್ನದೇ ಇದ್ದಾಗ ಒಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿದವರಲ್ಲ. ನಾನು ನಾಲ್ಕು ಸಲವೂ ಇದ್ದು ಎಂದೇ ಹೇಳಿದೆ.