ಬಚ್ಚಲ ಬಾಗಿಲಿನ ಅಳತೆ

ನನ್ನ ತಂಗಿಯನ್ನು ನಾವು ಕರೆಯುವುದೇ ಪಾದರಸ ಅಂತ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಊಟ ಮಾಡುವಾಗಲೂ ಎಡಗೈ ಬೆರಳು ಮೇಜಿನ ಮೇಲೆ ಗೆರೆ ಎಳೆಯುತ್ತಿರುತ್ತದೆ. ಹತ್ತೊಂಬತ್ತು ವರ್ಷದಿಂದ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುತ್ತಾಳೆ. ನಕ್ಷೆ ಇವಳದು, ಕೆಳಗಿನ ಚೌಕದಲ್ಲಿ ಸಹಿ ಸಾಹೇಬರದು. ಡಿಗ್ರಿ ಇಲ್ಲದವರು ಸಹಿ ಹಾಕುವ ಹಾಗಿಲ್ಲವಂತೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅನ್ನುವುದು ಇದಕ್ಕೇ.

ಒಂದು ದಿನ ಆಫೀಸಿನಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಹೇಳಿದಳು: "ಅಕ್ಕಾ, ಆನ್‌ಲೈನಲ್ಲಿ ಆರ್ಕಿಟೆಕ್ಚರ್ ಓದ್ತೀನಿ."

"ಕಂಪ್ಯೂಟರ್ ಮುಂದೆ ಕೂತು ಮನೆ ಕಟ್ಟೋದು ಕಲೀತಾರೇನೇ? ಹಾಗಾದ್ರೆ ನಾನು ಅದ್ರಲ್ಲೇ ಈಜೋದು ಕಲೀತೀನಿ ಬಿಡು" ಅಂದೆ. ನಾನು ದರ್ಜಿ. ನನ್ನ ಬಾಯಿಗೂ ಕತ್ತರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಅವಳು ಕೇಳಬೇಕಲ್ಲ! ನಾಲ್ಕು ತಿಂಗಳು ಹುಡುಕಿದಳು. ಒಂದು ಕಡೆ ಡಿಗ್ರಿ ಕೊಡುತ್ತಾರೆ, ಸಹಿ ಹಾಕುವ ಹಕ್ಕು ಬರುವುದಿಲ್ಲ. ಇನ್ನೊಂದರ ಹೆಸರು ಮಾರುದ್ದ, ಮಾನ್ಯತೆಯ ಪಟ್ಟಿಯಲ್ಲೇ ಇಲ್ಲ. ಕೊನೆಗೆ ಒಂದು ಸಿಕ್ಕಿತು. ಪಾಠ ಪರದೆಯ ಮೇಲೆ, ವರ್ಷಕ್ಕೆರಡು ಸಲ ಮೂರು ವಾರ ಕಾಲೇಜಿಗೇ ಹೋಗಿ ಕೈಯಾರೆ ಕೆಲಸ, ಮುಗಿದ ಮೇಲೆ ಪರೀಕ್ಷೆ ಪಾಸಾದರೆ ಸಹಿಯ ಹಕ್ಕು. ಆದರೆ ನಲವತ್ತು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ಅವಳಿಗೆ ಎರಡೇ ತಿಂಗಳಲ್ಲಿ ನಲವತ್ತು. ಈ ಸಲ ತಪ್ಪಿದರೆ ಸಾಯುವ ತನಕ ಸಾಹೇಬರ ಸಹಿಯೇ.

ಪ್ರವೇಶಕ್ಕೆ ಒಂದೇ ಕೆಲಸ ಕೊಟ್ಟಿದ್ದರು: ನೀವಿರುವ ಮನೆಯನ್ನು ಅಳೆದು ನಕ್ಷೆ ಬರೆಯಿರಿ. ನಾವಿರುವುದು ಮೂರೇ ಜನ. ನಾವಿಬ್ಬರು, ಮೂರು ವರ್ಷದಿಂದ ಗಾಲಿಕುರ್ಚಿಯಲ್ಲಿರುವ ಅಮ್ಮ. ನನ್ನ ಟೇಪು ಕೊಡಲು ಹೋದೆ.

"ಹುಟ್ಟಿ ಬೆಳೆದ ಮನೆ ಕಣೇ. ಕಣ್ಣು ಮುಚ್ಕೊಂಡು ಬರೀತೀನಿ" ಅಂದಳು.

"ಅಳತೆ ತಗೊಳ್ದೆ ಯಾರಾದ್ರೂ ಬಟ್ಟೆ ಕತ್ತರಿಸ್ತಾರಾ?"

"ನಿನ್ನ ಲಂಗ ಅಲ್ಲ ಇದು."

ಭಾನುವಾರ ಮಧ್ಯಾಹ್ನದೊಳಗೆ ನಕ್ಷೆ ಮುಗಿಯಿತು. ಎಂಥ ನಕ್ಷೆ! ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸುವ ಹಾಗಿತ್ತು. ಬೈಯಲು ಒಂದು ಗೆರೆ ಸಿಗಲಿಲ್ಲ ನನಗೆ.

ನಕ್ಷೆ ನೋಡಿ ಕಾಲೇಜಿನವರು ಸಂದರ್ಶನಕ್ಕೆ ಕರೆದರು. ಆ ದಿನ ನನ್ನ ಹೊಲಿಗೆ ಮೇಜು ಖಾಲಿ ಮಾಡಿಸಿ ಲ್ಯಾಪ್‌ಟಾಪ್ ಇಟ್ಟಳು. ಆರು ಸಲ ನೀರು ಕುಡಿದಳು, ನಾಲ್ಕು ಸಲ ಕುರ್ಚಿ ಸರಿಸಿದಳು. ಪರದೆಯ ಮೇಲೆ ಬಂದ ಮೇಡಂ ನಮಗಿಂತ ಚಿಕ್ಕವರು. ಗೆರೆಗಳನ್ನು ಹೊಗಳಿದರು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರು. ಅಮ್ಮನ ಗಾಲಿಕುರ್ಚಿಯ ವಿಷಯ ಕೇಳಿದ ಮೇಲೆ ನಕ್ಷೆಯನ್ನು ಮತ್ತೆ ತೆರೆದರು.

"ಬಚ್ಚಲ ಬಾಗಿಲು ತೊಂಬತ್ತು ಸೆಂಟಿಮೀಟರ್ ಅಂತ ಬರೆದಿದ್ದೀರಿ. ಟೇಪ್ ಹಿಡಿದು ತೋರಿಸ್ತೀರಾ?"

ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದೆ ಹೋದೆ. ಅವಳು ಚೌಕಟ್ಟಿಗೆ ನನ್ನ ಟೇಪು ಹಿಡಿದಳು. ಒಂದು ಸಲ, ಇನ್ನೊಂದು ಸಲ. ಎಪ್ಪತ್ತು.

"ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ" ಅಂದರು ಅಮ್ಮ, ಹಿಂದಿನಿಂದ. ಎರಡೂ ಕೈ ಎತ್ತಿ ತೋರಿಸಿದರು. ಬೆರಳ ಗೆಣ್ಣುಗಳಲ್ಲಿ ಚರ್ಮ ಕಿತ್ತಿತ್ತು. ಗಾಲಿ ತಳ್ಳಿಕೊಂಡು ಬಚ್ಚಲಿಗೆ ಹೋಗುವಾಗ ದಿನಾ ಚೌಕಟ್ಟಿಗೆ ಉಜ್ಜಿ ಆದ ಗಾಯ. ಮೂರು ವರ್ಷದಿಂದ ಆ ಗೆಣ್ಣುಗಳಿಗೆ ಮುಲಾಮು ಹಚ್ಚುವವಳು ನನ್ನ ತಂಗಿ. ನೋಡ್ಕೊಂಡು ತಳ್ಳಬಾರದಾ ಅಂತ ಅಮ್ಮನನ್ನು ಬೈಯುವವಳು ನಾನು. ಬಾಗಿಲ ಕಡೆ ಇಬ್ಬರೂ ನೋಡಿರಲಿಲ್ಲ.

ಬರೆಯುವಾಗ ಕೈತಪ್ಪಿತು ಅನ್ನಬಹುದಿತ್ತು. ಅವಳು ಅನ್ನಲಿಲ್ಲ. "ನಾನು ಅಳೆದೇ ಇಲ್ಲ ಮೇಡಂ. ಆಫೀಸಲ್ಲಿ ಬಾಗಿಲು ಅಂದ್ರೆ ತೊಂಬತ್ತು. ಕೈ ತಾನಾಗೇ ಬರ್ದುಬಿಡ್ತು" ಅಂದಳು.

ಮೇಡಂ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ಹತ್ತು ದಿನ ಕೊಡ್ತೀನಿ. ಇನ್ನೊಂದು ಸಲ ಬರೆದು ಕಳಿಸಿ. ಸೀಟಿನ ವಿಷಯ ಆಮೇಲೆ" ಎಂದು ಹೊರಟುಹೋದರು.

ಆ ಹತ್ತು ದಿನ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಆಫೀಸಿಗೆ ರಜೆ ಹಾಕಿದಳು. ಗೋಡೆ, ಮೆಟ್ಟಿಲು, ಸ್ವಿಚ್ಚು, ಕೂತಲ್ಲಿಂದ ಅಮ್ಮನ ಕೈ ಎಟಕುವ ಎತ್ತರ, ಎಲ್ಲ ಅಳೆದಳು. ನಕ್ಷೆ ಮೊದಲು ಮುಗಿಸೇ, ಸೀಟು ಹೋಗುತ್ತೆ ಅಂತ ನಾನು ಬಡಕೊಂಡೆ. ಕೇಳದೆ ಗಾರೆ ಕೆಲಸದವನನ್ನು ಕರೆಸಿ ಬಚ್ಚಲ ಬಾಗಿಲು ಒಡೆಸಿದಳು. ಮನೆಯೆಲ್ಲ ಧೂಳು. ನಾನು ಹೊಲಿಯುತ್ತಿದ್ದ ಮದುವೆಯ ರವಿಕೆಗಳೂ ಧೂಳು. ಬಾಯಿಗೆ ಬಂದಂತೆ ಬೈದೆ.

ಒಂಬತ್ತನೆಯ ದಿನ ಹೊಸ ಚೌಕಟ್ಟು ಕೂತಿತು. ಅಮ್ಮ ಗಾಲಿ ತಳ್ಳಿಕೊಂಡು ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಕೈ ಎಲ್ಲೂ ತಾಗಲಿಲ್ಲ.

"ಲೇ ಪಾದರಸ, ಈಗ ತೊಂಬತ್ತಾಯ್ತಲ್ಲೇ! ಹಳೇ ನಕ್ಷೆನೇ ಸರಿಯಾಯ್ತು. ಅದನ್ನೇ ಕಳ್ಸು, ಪುಣ್ಯಾತ್ಗಿತ್ತಿ, ಸ್ವಲ್ಪ ಮಲ್ಕೋ" ಅಂದರು ಅಮ್ಮ, ಒಳಗಿನಿಂದಲೇ.

ನಾನು ನಕ್ಕುಬಿಟ್ಟೆ. ತಂಗಿ ನಗಲಿಲ್ಲ. ನನ್ನ ಕಡೆ ಕೈ ಚಾಚಿದಳು. ನಾನು ಕೊರಳಲ್ಲಿದ್ದ ಟೇಪು ತೆಗೆದು ಕೊಟ್ಟೆ.

ಎಂಬತ್ತೊಂಬತ್ತು. ಗಾರೆಯವನು ಒಂದು ಸೆಂಟಿಮೀಟರ್ ತಿಂದಿದ್ದ.

ಬಾಗಿಲು ಒಡೆಸಿ ಅಗಲ ಮಾಡಿಸಿದ್ದನ್ನು ಪಕ್ಕದಲ್ಲಿ ಬರೆದು, ಅಳತೆ ಎಂಬತ್ತೊಂಬತ್ತು ಅಂತಲೇ ಹಾಕಿ ಕಳಿಸಿದಳು. ಮರುದಿನ ಸಂಜೆ ಮೇಡಂ ಅವರೇ ಫೋನ್ ಮಾಡಿದರು. "ಮತ್ತೆ ತೊಂಬತ್ತು ಅಂತ ಬರೆದಿದ್ದರೆ ಸೀಟು ಕೊಡ್ತಿರ್ಲಿಲ್ಲ" ಅಂದರು.

ಫೋನ್ ಇಟ್ಟವಳು ಬಚ್ಚಲ ಹೊಸ್ತಿಲ ಮೇಲೆ ಕೂತಳು. ಪೂರ್ತಿ ಅರ್ಧ ಗಂಟೆ ಅಲ್ಲಾಡದೆ ಕೂತಿದ್ದಳು. ಅಮ್ಮ ಹಿಂದೆ ಬಂದು ಕಾದರು, ಒಳಗೆ ಹೋಗಬೇಕಿತ್ತು ಅವರಿಗೆ, ಆದರೂ ಏಳು ಅನ್ನಲಿಲ್ಲ.